ಮಗ್ಗದ ಶೆಡ್ಡಿನ ಬೀದಿ ಗೋಡೆ ಬಿದ್ದದ್ದು

ಇಲ್ಲ ಸಾ, ನಾನ್ ಗಡಾರೀಲಿ ಮೀಟಿ ಗೋಡೆ ಬೀಳ್ಸ್ದೆ ಅನ್ನದು ಸುಳ್ಳು. ಯಾರ್ ಏಳುದ್ರೋ ಅವ್ರನ್ನೇ ಕರ್ಸಿ, ನನ್ ಮೊಕ ನೋಡ್ಕಂಡ್ ಏಳ್ಳಿ. ಗಡಾರಿ ನಂದೇ. ಊರಿಂದ ನಾನೇ ತಕಬಂದಿದ್ದು. ನಂದಲ್ಲ ಅಂತ ಯಾವಾಗಂದೆ? ಗಡಾರಿ ಕೈಲಿದ್ದೇಟ್ಗೇ ಎಲ್ಲಾ ಆಗೋಯ್ತಾ? ಅದ್ರಲ್ಲಿ ನಾನ್ ಬಿದ್ ಗೋಡೇನ ಎತ್ತಿದ್ದು ಸಾ, ಎತ್ತಿದ್ದು. ಎತ್ತೋದ್ಕೂ ಬೀಳ್ಸೋದ್ಕೂ ಯತ್ವಾಸ ಗೊತ್ತಿಲ್ದೋರೆಲ್ಲ ಸಾಕ್ಷಿ ಏಳ್ತಾರೆ.

ಸರಿ, ಕುಂತ್ಕತೀನಿ. ಬರ್ಕಳಿ. ನಾನ್ ಅಂದಂಗೇ ಬರ್ಕಳಿ ಸಾ, ನಿಮ್ಮ ಆಫೀಸ್ ಭಾಷೆಗೆ ತಿದ್ಬ್ಯಾಡಿ. ಆಮೇಲ್ ಓದುದ್ರೆ ಯಾವನ್ದೋ ಮಾತಂಗಿರ್ತದೆ.

ಹೆಸ್ರು ರಂಗನಾಥ. ಅಪ್ಪನ್ ಹೆಸ್ರು ನಂಜಯ್ಯ. ವಯಸ್ಸು 23. ಕೆಲ್ಸ ಗಾರೆ. ಓದಿದ್ದು ಎಂಟ್ನೇ ಕ್ಲಾಸು, ಅದೂ ಪೂರ್ತಿ ಇಲ್ಲ. ವಾಸ ಹೊನ್ನೂರು, ಯಳಂದೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ. ಇವತ್ತು 15-10-2025 ಬುಧವಾರ ಬೆಳಗ್ಗೆ 10 ಗಂಟೆ 20 ನಿಮಿಷ್ಕೆ ಕೊಳ್ಳೇಗಾಲ ಸ್ಟೇಷನ್ನಲ್ಲಿ ಕುಂತ್ಕಂಡು, ಯಾರ್ ಬಲವಂತನೂ ಇಲ್ದೆ ನಾನ್ ತಿಳ್ಸದು ಏನಪ್ಪಾ ಅಂದ್ರೆ:

ನಾನು ಯಳಂದೂರಿನ ಗುರುಸ್ವಾಮಿ ಮೇಸ್ತ್ರಿ ಕೈಕೆಳ್ಗೆ 7 ವರ್ಷದಿಂದ ಕೆಲ್ಸ ಮಾಡ್ತಾ ಇವ್ನಿ. ಮೊದ್ಲು ಗಾರೆ ಕಲ್ಸ್ದೆ, ಆಮೇಲೆ ಇಟ್ಗೆ ಎತ್ಕೊಟ್ಟೆ, ಆಮೇಲೆ ಕರಣೆ ಇಡುದ್ಕಂಡೆ. ಗೋಡೆ ಕಟ್ಟೋದ್ರಲ್ಲಿ ಮೂಲೆ ಕಟ್ಟೋನೇ ದೊಡ್ಡೋನು ಸಾ. ಮಿಕ್ದೋರು ಮೂಲೆಯಿಂದ ಮೂಲೆಗೆ ದಾರ ಎಳ್ಕಂಡು ಮಧ್ಯ ತುಂಬ್ತಾರೆ ಅಷ್ಟೇಯ. ಮೇಸ್ತ್ರಿ ಬುಟ್ರೆ ಮೂಲೆ ಕಟ್ತಿದ್ದೋನು ನಾನೇ. ಯಾರಾರ ಕೇಳುದ್ರೆ ಇವ್ನು ನನ್ ಬಲ್ಗೈ ಅಂತ ನನ್ ಬೆನ್ ತಟ್ಟೋರು. ಅದ್ನೂ ಬರ್ಕಳಿ.

ಈ ವರ್ಷ ಮೇ 12ನೇ ತಾರೀಕು ಸೋಮವಾರ ಮಣಿಕಂಠ ಅನ್ನೋನು ಕೆಲ್ಸಕ್ಕೆ ಬಂದ. ಹನೂರ್ನವ್ನು, ವಯಸ್ಸು 24. ಮೈಸೂರಲ್ಲಿ ಎಲ್ಲೋ ಹನ್ನೆಲ್ಡ್ ದಿನ ಟ್ರೈನಿಂಗ್ ಮಾಡ್ಕಂಡು ಅದ್ರ ಸರ್ಟಿಫಿಕೇಟ್ನ ಪ್ಲಾಸ್ಟಿಕ್ ಕವರ್ನಲ್ಲಿ ಇಟ್ಕಂಡಿದ್ದ. ಏನ್ ಟ್ರೈನಿಂಗ್ಲಾ ಅಂತ ಕೇಳ್ದೆ. ಭೂಕಂಪ ಆದ್ರೂ ಬೀಳ್ದಂಗೆ ಇಟ್ಗೆ ಮನೆ ಕಟ್ಟದು ಅಂದ. ಸೈಟಲ್ಲಿದ್ದೋರೆಲ್ಲ ನಕ್ವಿ. ನಿಮ್ಮ ಹನೂರ್ಗೆ ಭೂಕಂಪ ಎಷ್ಟ್ ಗಂಟೆ ಬಸ್ಗೆ ಬತ್ತದಲಾ ಅಂತ ನಾನ್ ಅಂದೆ. ಅವತ್ತಿಂದ ಅವ್ನಿಗೆ ಭೂಕಂಪ ಅಂತಾನೇ ಹೆಸ್ರು, ಇಟ್ಟೋನು ನಾನು. ಅವ್ನು ಬ್ಯಾಸ್ರ ಮಾಡ್ಕಳ್ಳಿಲ್ಲ. ಫೋನ್ ಎತ್ತುದ್ರೆ ಭೂಕಂಪ ಮಾತಾಡ್ತಾ ಅದೆ, ಏಳಿ ಅಂತ ಅವ್ನೇ ಅನ್ನೋನು. ಅದ್ಕೆ ನಂಗೆ ಇನ್ನೂ ಉರೀತು.

ಜೂನ್ 2ನೇ ತಾರೀಕು ಸೋಮವಾರ ಬೆಳಗ್ಗೆ 11 ಗಂಟೆಗೆ ಕೊಳ್ಳೇಗಾಲದ ಮಹಾಲಕ್ಷ್ಮಮ್ಮ ಅನ್ನೋರ್ ಮನೆಗೆ ಓದ್ವಿ. ಅವ್ರು ರೇಷ್ಮೆ ನೇಯೋರು. ಇಷ್ಟ್ ದಿನ ಕೈಮಗ್ಗ ಇತ್ತು, ಈಗ ನಾಕು ಪವರ್ ಮಗ್ಗ ಹಾಕ್ಬೇಕು, ಅದ್ಕೊಂದ್ ಶೆಡ್ಡು ಬೇಕು ಅಂದ್ರು. ಉದ್ದ 24 ಅಡಿ, ಅಗ್ಲ 16 ಅಡಿ, ಎತ್ರ 11 ಅಡಿ. ಒಂಬತ್ತಿಂಚು ಇಟ್ಗೆ ಗೋಡೆ, ಮ್ಯಾಲೆ ಶೀಟು. ಬೀದಿ ಕಡೆ ಉದ್ದದ್ ಗೋಡೆ ಮಧ್ಯಕ್ಕೆ 4 ಅಡಿ ಬಾಗ್ಲು. ಒಂದೂವರೆ ತಿಂಗ್ಳ ಕೆಲ್ಸ ಅಂತ ಮೇಸ್ತ್ರಿ ಅಂದ್ರು. ಇದ್ರಲ್ಲಿ ಮಾತಾಡದ್ ಏನೂ ಇರ್ಲಿಲ್ಲ.

ಮಣಿಕಂಠ ಬಾಯಾಕ್ದ. ಮಗ್ಗದಲ್ಲಿ ನೂಲ್ ಬಡ್ಯೋ ಹಲ್ಗೆ ಯಾವ್ ಕಡೆಗೆ ಬಡೀತದೆ ಅಂತ ಆಯಮ್ಮನ್ನ ಕೇಳ್ದ. ಬೀದಿ ಗೋಡೆ ಕಡೆಗೂ ಹಿಂದ್ಲ ಗೋಡೆ ಕಡೆಗೂ ಅಂದ್ರು. ನಿಮಿಷ್ಕೆ ಎಷ್ಟ್ ಏಟು ಅಂದ. ನೂರ್ ನಲ್ವತ್ತು ಅಂದ್ರು. ಅಂಗಾರೆ ಭೂಕಂಪ ಬರ್ದೇ ಇದ್ರೂ ನೀವೇ ದುಡ್ ಕೊಟ್ಟು ಅದ್ನ ಮನೆಗ್ ತರ್ತಾ ಇದ್ದೀರಿ ಕಣಮ್ಮ ಅಂದ. ಆಯಮ್ಮ ನಕ್ಬುಟ್ರು. ಇಟ್ಗೆ ಗೋಡೆ ತಲೆ ಮ್ಯಾಲೆ ಎಷ್ಟ್ ಭಾರ ಇಟ್ರೂ ಹೊರ್ತದೆ, ಪಕ್ಕದಿಂದ ತಳ್ಳುದ್ರೆ ತಡ್ಕಳಲ್ಲ ಅಂದ. ಒಂದ್ ಇಟ್ಗೆ ತಕಂಡು ಅಂಚಿನ್ ಮ್ಯಾಲೆ ನಿಲ್ಸಿ, ಉದ್ದಕ್ ತಳ್ಳಿ ತೋರ್ಸ್ದ, ಜಾರ್ತು, ಬೀಳ್ಲಿಲ್ಲ. ಅಡ್ಡಕ್ಕೆ ಒಂದ್ ಬೆಳ್ಳಲ್ಲಿ ಮುಟ್ದ, ದಬಕ್ಕಂತ ಬಿತ್ತು. ಮಗ್ಗ ಬಡೀತಿರದು ಅಡ್ಡಕ್ಕೆ ಅಂದ.

ಆಮೇಲೆ ಸೀರೆ ಹಾಕೋ ಹಳೇ ರಟ್ಟಿನ ಡಬ್ಬ ಇಸ್ಕಂಡ. ನಾಕ್ ಮೂಲೇನೂ ಬುಟ್ಕಂಡಿತ್ತು. ಮುಚ್ಳ ತೆಗ್ದ. ಮ್ಯಾಲೆ ಸ್ಲ್ಯಾಬ್ ಇಲ್ಲ, ಶೀಟು, ಅಂದ್ರೆ ಮುಚ್ಳ ಇಲ್ದ ಡಬ್ಬ ಅಂದ. ಒಳಗಿಂದ ತಳ್ದ, ಉದ್ದದ್ ಪಕ್ಕ ಆಚ್ಗೆ ಮನೀಕತು. ಡಬ್ಬದ ಬಾಯಿ ಸುತ್ತ ಒಂದ್ ರೇಷ್ಮೆ ಎಳೆ ಬಿಗ್ದು ಗಂಟ್ ಹಾಕ್ದ. ತಳ್ದ, ಅಲ್ಲಾಡ್ಲಿಲ್ಲ. ಬಾಗ್ಲು ಎತ್ರದಲ್ಲಿ ನಾಕ್ ಗೋಡೆ ಸುತ್ತ ಕಂಬಿ ಹಾಕಿ ಕಾಂಕ್ರೀಟ್ ಬೆಲ್ಟ್ ಕಟ್ಟುದ್ರೆ ಇಂಗೇ ಇಡ್ಕತದೆ ಅಂದ. ಆಮೇಲೆ ಕತ್ರಿ ಇಸ್ಕಂಡು ಎಳೇನ ಒಂದೇ ಜಾಗದಲ್ಲಿ ಕಡ್ದ, ಒಂದ್ ಕಡೆ ಕಡುದ್ರೂ ಸುತ್ತ ಇರೋದೆಲ್ಲ ದಂಡ ಅಂದ. ನಲ್ವತ್ ವರ್ಷ ಈ ಎಳೇಲಿ ಬದುಕಿವ್ನಿ ಮಗ, ಇದ್ರಲ್ಲಿ ಗೋಡೆ ನಿಲ್ಸ್ಬೋದು ಅಂತ ಇವತ್ ಗೊತ್ತಾಯ್ತು ಅಂತ ಮಹಾಲಕ್ಷ್ಮಮ್ಮ ಅಂದ್ರು. ನಾನ್ ಮೇಸ್ತ್ರಿ ಮೊಕ ನೋಡ್ದೆ. ನಾನ್ ಮೊದಲ್ನೇ ಸಲ ಮೂಲೆ ನೆಟ್ಗೆ ಕಟ್ದಾಗ್ಲೂ ಅವ್ರ ಮೊಕ ಅಂಗಿರ್ಲಿಲ್ಲ.

ಅವತ್ತಿಂದ ಬೆಲ್ಟ್ ಬಗ್ಗೆ ಏನಿದ್ರೂ ಅವ್ನನ್ ಕೇಳು ಅಂತ ಮೇಸ್ತ್ರಿ ನಂಗಂದ್ರು. ಮೂರ್ ವಾರಕ್ ಮುಂಚೆ ಬಂದೋನ್ನ 7 ವರ್ಷದೋನು ಕೇಳ್ಬೇಕಂತೆ.

ಜೂನ್ 26ಕ್ಕೆ ಆಷಾಢ ಹಿಡೀತು. ಆಷಾಢದಲ್ಲಿ ವಾಸ್ಕಲ್ ನಿಲ್ಸಂಗಿಲ್ಲ, ಅಂದ್ರೆ ಬಾಗ್ಲು ಚೌಕಟ್ಟು. ಶ್ರಾವಣದಲ್ಲಿ ಪೂಜೆ ಮಾಡಿ ನಿಲ್ಸದು. ಕೆಲ್ಸ ನಿಲ್ಬಾರ್ದು ಅಂತ ಬೀದಿ ಗೋಡೇಲಿ 4 ಅಡಿ ಜಾಗ ಹಂಗೇ ಬುಟ್ಟು, ಅದ್ರ ಎಡಕ್ಕೆ 10 ಅಡಿ, ಬಲಕ್ಕೆ 10 ಅಡಿ ಕಟ್ಟುದ್ವಿ. ನಮ್ ಕಡೆ ಎಲ್ರೂ ಇಂಗೇ ಕಟ್ಟದು. ಜುಲೈ 14ಕ್ಕೆ ಮಣಿಕಂಠ ಬೆಲ್ಟ್ ಹಾಕ್ದ. ಮೂರ್ ಗೋಡೆ ಮ್ಯಾಲೆ ಸಲೀಸಾಗಿ ಸುತ್ತಿ ಬಂತು. ಬಾಗ್ಲು ಜಾಗಕ್ಕೆ ಬಂದಾಗ ಎಲ್ಡೂ ಕಡೆ ನಿಲ್ಸಿ, ಎಡದಿಂದ ಎಲ್ಡು ಬಲದಿಂದ ಎಲ್ಡು ಕಂಬಿನ ಒಂದೂವರೆ ಅಡಿ ಆಚ್ಗೆ ಚಾಚಿ ಬುಟ್ಟ. ವಾಸ್ಕಲ್ ಕುಂತ್ ಮ್ಯಾಲೆ ಅದ್ರ ಮೇಲ್ಗಡೆ ಬಾಗ್ಲು ಕಂಬಿನ ಈ ನಾಕ್ಕೂ ಕಟ್ಟಿ ಕಾಂಕ್ರೀಟ್ ಹಾಕುದ್ರೆ ಬೆಲ್ಟ್ ಪೂರ್ತಿ ಆಯ್ತದೆ ಅಂದ. ಹದಿನೈದ್ ದಿನ ಆ ನಾಕ್ ಕಂಬಿ ಗಾಳೀಲಿ ನಿಂತಿದ್ವು. ಅದ್ರಲ್ಲಿ ನನ್ ಷರ್ಟ್ ಎಲ್ಡ್ ಸಲ ಹರೀತು.

ಜುಲೈ 30 ಬುಧವಾರ ಬೆಳಗ್ಗೆ 9 ಗಂಟೆ 20ರಿಂದ ವಾಸ್ಕಲ್ ಪೂಜೆ. ಚೌಕಟ್ ನಿಲ್ಸಿ ತೂಗುಗುಂಡು ಇಡ್ದೋನು ನಾನು. ಎಲ್ಡೂ ಕಂಬ ಒಂದ್ ನೂಲ್ ಆಚೀಚೆ ಇಲ್ದಂಗೆ ನಿಲ್ಸ್ದೆ, ವಾಸ್ಕಲ್ ಮಾಡಿದ್ ಆಚಾರ್ರೇ ಶಬಾಷ್ ಅಂದ್ರು. ವಾಸ್ಕಲ್ ನಿಲ್ಸ್ದಾಗ ಗೋಡೆ ಕಟ್ದೋನ್ಗೆ ಮನೆಯೋರು ವಸ್ತ್ರ ಕೊಟ್ಟು ತಾಂಬೂಲ ಕೊಡ್ತಾರೆ, ಅದು ಪದ್ಧತಿ. ಮಹಾಲಕ್ಷ್ಮಮ್ಮ ತಾವೇ ನೇಯ್ದಿದ್ ರೇಷ್ಮೆ ಶಲ್ಯ ತಟ್ಟೇಲಿ ಇಟ್ಕಂಡ್ ಬಂದ್ರು. ಹಸ್ರು ಬಣ್ಣ, ಕೆಂಪಂಚು. ಯಾರ್ ಕೈ ಕೆಲ್ಸ ಮೇಸ್ತ್ರಿ, ಯಾರ್ಗ್ ಹೊದುಸ್ಲಿ ಅಂದ್ರು. ನಾನ್ ಕೈ ತೊಳ್ಕಂಡು ಒರೆಸ್ಕಂಡು ನಿಂತಿದ್ದೆ. ನಂಗೂ ಮೇಸ್ತ್ರಿಗೂ ಮಧ್ಯ 3 ಅಡಿ ಇತ್ತು ಸಾ, ಅಷ್ಟೇಯ. ಅವ್ರು ಬಾಣ್ಲಿ ತೊಳೀತಾ 20 ಅಡಿ ದೂರದಲ್ಲಿದ್ದ ಮಣಿಕಂಠನ್ನ ಕೂಗುದ್ರು. ಬಾಪ್ಪಾ ಭೂಕಂಪ ಅಂದ್ರು. ನಾನಿಟ್ ಹೆಸ್ರಲ್ಲೇ ಕೂಗುದ್ರು.

ಅವ್ನು ಶಲ್ಯ ಹೊದ್ಕಂಡು ನನ್ನತ್ರ ಬಂದು ತೂಗುಗುಂಡು ಇಡ್ದಿದ್ದು ನೀನು ಕಣೋ, ಇದ್ ನಿಂದು ಅಂತ ತೆಗ್ಯಕ್ ಓದ. ಭಿಕ್ಷೆ ಹಾಕ್ಬ್ಯಾಡ ಅಂದೆ. ಅವತ್ ಮಧ್ಯಾಹ್ನದ ಪಾಯಸ ನಾನ್ ಮುಟ್ಲಿಲ್ಲ.

ಮಾರ್ನೆ ದಿನ ಮಣಿಕಂಠ ಅವ್ರಕ್ಕನ್ ಮಗೂಗೆ ನಾಮಕರಣ ಅಂತ ಹನೂರ್ಗೆ ಓದ. ಬಾಗ್ಲು ಮ್ಯಾಲಿನ್ ಕೆಲ್ಸ ನಂಗ್ ಬಂತು. ಆಗಸ್ಟ್ 1ನೇ ತಾರೀಕು ಶುಕ್ರವಾರ ಅವ್ನು ಮೂರ್ ಸಲ ಫೋನ್ ಮಾಡ್ದ, ಬೆಳಗ್ಗೆ 8ಕ್ಕೆ, 9ಕ್ಕೆ, 9 ಮುಕ್ಕಾಲ್ಗೆ. ಮೂರ್ ಸಲಾನೂ ಒಂದೇ ಮಾತು. ರಂಗ, ನಾಕ್ ಕಂಬಿಗೂ ಸರ್ಯಾಗಿ ಕಟ್ಲಾ, ಒಂದೂವರೆ ಅಡೀನೂ ಜೊತೆಗ್ ಬರ್ಲಿ ಅಂದ. ಮೂರ್ನೇ ಸಲ ಫೋನ್ ಇಟ್ ಮ್ಯಾಲೆ, 10 ಗಂಟೆಗೆ, ಕಟಿಂಗ್ ಮಿಷಿನ್ ತಕಂಡು ನಾಕೂ ಕಂಬೀನ ಗೋಡೆ ಸಮಕ್ಕೆ ಕತ್ತರಿಸ್ಬುಟ್ಟೆ. ಒಂದೊಂದ್ಕೆ ಅರ್ಧ ನಿಮಿಷ. ಬಾಗ್ಲು ಮ್ಯಾಲೆ ಬ್ಯಾರೆ ಕಂಬಿ ಹಾಕಿ, ಎಲ್ಡೂ ಕಡೆ ಆರಾರ್ ಇಂಚು ಗೋಡೆ ಮ್ಯಾಲೆ ಕುಂಡ್ರುಸಿ ಕಾಂಕ್ರೀಟ್ ಹಾಕ್ದೆ. ಮಧ್ಯಾಹ್ನ 3ಕ್ಕೆಲ್ಲ ಮುಗೀತು. ಪ್ಲಾಸ್ಟರ್ ಆದ್ಮ್ಯಾಲೆ ಒಂದೇ ಬೆಲ್ಟ್ ಇದ್ದಂಗೇ ಕಾಣ್ತಿತ್ತು. ನಾನ್ ಕೆಲ್ಸ ಶುದ್ಧವಾಗ್ ಮಾಡ್ತೀನಿ ಸಾ, ಯಾರ್ಗೂ ಗೊತ್ತಾಗಲ್ಲ.

ಯಾಕ್ ಮಾಡ್ದೆ ಅಂತ ಕೇಳ್ಬ್ಯಾಡಿ, ಈಗ್ ತಾನೆ ಏಳುದ್ನಲ್ಲ. ಬೀಳ್ಳಿ ಅಂತ ಮಾಡ್ಲಿಲ್ಲ. ಅವನ್ ಬೆಲ್ಟ್ ಇಲ್ದೇನೂ ನನ್ ಗೋಡೆ ನಿಲ್ತದೆ ಅಂತ ಮಾಡ್ದೆ. ಹತ್ ವರ್ಷ ಆದ್ಮ್ಯಾಲೆ ಒಂದಿನ ಮೇಸ್ತ್ರಿಗ್ ಏಳ್ಬೇಕು ಅಂದ್ಕಂಡಿದ್ದೆ, ನೋಡಿ, ಅವತ್ ಕಡ್ದಾಕಿದ್ದೆ, ಏನಾಯ್ತು ಅಂತ.

ಅಕ್ಟೋಬರ್ 2ನೇ ತಾರೀಕು ವಿಜಯದಶಮಿಗೆ ಮಗ್ಗ ಶುರು ಮಾಡುದ್ರು. ಹಳೇ ಮಗ್ಗ, ಓಡ್ತಾ ಓಡ್ತಾ ಜಾಗ ಬುಟ್ ಜರೀತವೆ. ಜರೀಬಾರ್ದು ಅಂತ ಮನೆಯೋರು ಒಂದೊಂದ್ ಮಗ್ಗಕ್ಕೂ ಗೋಡೆಗೂ ಮಧ್ಯ ಮರದ್ ತುಂಡು ಬಿಗ್ದು ಗೂಟ ಹೊಡ್ದವ್ರೆ. ಬೀದಿ ಗೋಡೆಗೆ ಎಲ್ಡು, ಹಿಂದ್ಲ ಗೋಡೆಗೆ ಎಲ್ಡು. ಅಂದ್ರೆ ಹಲ್ಗೆ ಬಡ್ದಿದ್ದೆಲ್ಲ ನೇರ ಗೋಡೆಗೇ. ಇದು ನಂಗೆ ಬಿದ್ ಮ್ಯಾಲೇ ಗೊತ್ತಾಗಿದ್ದು. ನೀವ್ ಅವ್ರ್ ಮ್ಯಾಲೆ ತಪ್ ಬರೀಬ್ಯಾಡಿ. ಹಿಂದ್ಲ ಗೋಡೆಗೂ ಅದೇ ಮರ, ಅದೇ ಏಟು, ಅದೇ ಇಟ್ಗೆ, ಅದೇ ಗಾರೆ. ಅದ್ರಲ್ಲಿ ಬೆಲ್ಟ್ ಪೂರ್ತಿ ಅದೆ. ಇವತ್ ಓಗ್ ನೋಡಿ, ಕೂದ್ಲೆಳೆ ಬಿರುಕೂ ಇಲ್ಲ.

13ನೇ ತಾರೀಕು ಸೋಮವಾರ ಬೆಳಗ್ಗೆ 9 ಗಂಟೆಗೆ ಯಳಂದೂರಲ್ಲಿ ಟೀ ಅಂಗ್ಡಿ ಮುಂದೆ ಮೇಸ್ತ್ರಿ ಸಿಕ್ಕುದ್ರು. ಮಗ್ಗದ ಶೆಡ್ಡಲ್ಲಿ ಬಿರುಕ್ ಬುಟ್ಟದಂತೆ, ಭೂಕಂಪ ನೋಡಕ್ ಓಗವ್ನೆ ಅಂದ್ರು. ನಾನ್ ನಕ್ಕೆ. ಎಲ್ಲಿ ಬುಟ್ಟದೆ ಅಂತ ಕೇಳ್ದೆ. ಬಾಗ್ಲು ಮ್ಯಾಲೆ ಎಡ ಮೂಲೇಲಿ, ಬೆಳ್ಳು ಒಳಕ್ ಓಯ್ತದಂತೆ ಅಂದ್ರು. ಟೀ ಅಲ್ಲೇ ಇಟ್ಟೆ. ಮನೆಗ್ ಓಗಿ ಗಡಾರಿ, ಸುತ್ಗೆ, ನಾಕ್ ತುಂಡು ಕಂಬಿ ಗೋಣಿಚೀಲಕ್ ಹಾಕ್ಕಂಡೆ. ಜನ ಉಳ್ಸಕ್ ಓದೆ ಅಂತ ಬರ್ಕಬ್ಯಾಡಿ. ಅವ್ನು ಪ್ಲಾಸ್ಟರ್ ಕೆರ್ದು ಕಡ್ದಿರೋ ಕಂಬಿ ನೋಡೋಕ್ ಮುಂಚೆ ನಾನ್ ಬಗ್ದು ತುಂಡ್ ಕಂಬಿ ಕಟ್ಟಿ ಮುಚ್ಬುಡ್ಬೇಕು ಅಂತ ಓದೆ. ಅವ್ನಿಗ್ ಗೊತ್ತಾಗ್ಬಾರ್ದು, ಅಷ್ಟೇ ತಲೇಲಿದ್ದಿದ್ದು.

ಕೊಳ್ಳೇಗಾಲಕ್ಕೆ 11 ಗಂಟೆ 10ಕ್ಕೆ ಇಳ್ದೆ. ಶೆಡ್ ಮುಂದಕ್ಕೆ 11 ಗಂಟೆ 28ಕ್ಕೆ ಬಂದೆ. ಮಣಿಕಂಠ ಆಗ್ಲೇ ಬೀದಿ ಕಡೆ ಏಣಿ ಹಾಕಿ ಆರ್ನೇ ಮೆಟ್ಲಲ್ಲಿ ನಿಂತಿದ್ದ. ಮಗ್ಗ ನಾಕೂ ನಿಲ್ಸಿದ್ರು. ಮಹಾಲಕ್ಷ್ಮಮ್ಮನ ಸೊಸೆ ಮೀನಾ ಒಳ್ಗೆ ಬೀದಿ ಗೋಡೆ ಪಕ್ಕದ ಎಲ್ಡ್ನೇ ಮಗ್ಗದತ್ರ ಇದ್ರು. ಮಹಾಲಕ್ಷ್ಮಮ್ಮ ಮನೇಲಿದ್ರು. ಬಂದ್ಯಾ ರಂಗ, ಒಳ್ಳೇ ಟೈಮ್ಗ್ ಬಂದೆ ಕಣೋ ಅಂದ. ಬಿರುಕಲ್ಲಿ ಹೆಬ್ಬೆಟ್ ಇಟ್ಟಿದ್ದ. ಬೆಲ್ಟೇ ಬುಟ್ಕಂಡಂಗದೆ, ಇಂಗಾಗಂಗೇ ಇಲ್ಲ, ಕಂಬಿ ಕಟ್ಟಿದ್ಯಲ್ಲಾ ಅಂತ ಕೇಳ್ದ.

ನಾನು ಹೂಂ ಅಂದೆ.

ನಾಕೂನೂ ಅಂದ. ನಾಕೂನೂ ಅಂದೆ. ನನ್ ಮೊಕ ನೋಡ್ದ ಸಾ, ಅನುಮಾನದಲ್ಲಲ್ಲ. ಅಂಗಾರೆ ನಿಂದಲ್ಲ ಬುಡು, ನಾನೇ ಎಲ್ಲೋ ಲೆಕ್ಕ ತಪ್ಪಿವ್ನಿ ಅಂದ. ಮಗ್ಗ ಓಡ್ದಾಗ ಎಷ್ಟ್ ಬಾಯ್ ಬುಡ್ತದೆ ನೋಡ್ಬೇಕು, ಒಂದೇ ನಿಮಿಷ ಎಲ್ಡ್ನೇ ಮಗ್ಗ ಹಾಕಕ್ಕ ಅಂತ ಮೀನಾಗ್ ಕೂಗ್ದ. ಕಂಬಿ ಇದ್ರೆ ಅದೇನೂ ಅಪಾಯದ್ ಕೆಲ್ಸ ಅಲ್ಲ. ಕಂಬಿ ಅದೆ ಅಂತ ನಾನ್ ಅಂದಿದ್ನಲ್ಲ.

ಅವ್ನು ಕೂಗಿದ್ದು 11 ಗಂಟೆ 34ಕ್ಕೆ. ಮೀನಾ ಏನೋ ನೂಲ್ ಬಿಡಿಸ್ತಾ ಇದ್ರು, ಎಲ್ಡ್ ನಿಮಿಷ ತಡೀಪ್ಪ ಅಂದ್ರು. ಎಲ್ಡ್ ನಿಮಿಷ ಸಾ. ಏಣಿ ಬುಡ್ದಲ್ಲಿ, ಗೋಡೆಯಿಂದ 5 ಅಡೀಲಿ, ಗೋಣಿಚೀಲ ಇಡ್ಕಂಡು ನಿಂತಿದ್ದೆ. ಬಾಯಲ್ಲಿ ಮಾತ್ ಇತ್ತು. ಕಡ್ದಿವ್ನಿ ಕಣ್ಲಾ ಅನ್ನಕ್ಕೆ ಎಷ್ಟ್ ಹೊತ್ ಬೇಕು? ಅವ್ನು ಮ್ಯಾಲೆ ನಿಂತಿದ್ದ, ನಾನ್ ಕೆಳ್ಗೆ ನಿಂತಿದ್ದೆ, ಅಲ್ಲಿಂದ ತಲೆ ಎತ್ತಿ ಅವ್ನಿಗ್ ಅದ್ನ ಏಳ್ಬೇಕಿತ್ತು. ಏಳ್ಲಿಲ್ಲ.

ಮಗ್ಗ ಶುರುವಾಯ್ತು. ಬಿರುಕಿಂದ ಗಾರೆ ಪುಡಿ ಸುರೀತು. ಬಿರುಕು ಬಾಯ್ ಮುಚ್ತು, ತೆಗೀತು, ಒಂದೊಂದ್ ಏಟ್ಗೂ ಒಂದೊಂದ್ ಚೂರ್ ಜಾಸ್ತಿ ತೆಗೀತು. ಆವಾಗ್ ಬಾಯ್ ಬಂತು ನಂಗೆ. ಇಳೀಲಾ ಮಣಿ ಅಂತ ಕಿರುಚ್ತಾ ಬಾಗ್ಲು ಕಡೆಗೆ ಪಕ್ಕಕ್ ಓಡ್ದೆ. ಮೊದಲ್ನೇ ಸಲ ಅವನ್ ಹೆಸ್ರಲ್ಲಿ ಕೂಗಿದ್ದು. ಬಾಗ್ಲಿಂದ ಎಡಕ್ಕಿದ್ದ 10 ಅಡಿ ಗೋಡೆ ಬುಡದ್ ಹತ್ರ ಮುರ್ಕಂಡು, ಅಷ್ಟೂ ಒಟ್ಗೇ ಬೀದಿ ಕಡೆಗ್ ಮನೀಕತು. ಪುಡಿಪುಡಿ ಆಗ್ಲಿಲ್ಲ, ಹಲ್ಗೆ ಬಿದ್ದಂಗ್ ಬಿತ್ತು. ಅವ್ನು ಏಣಿ ಬುಟ್ಟು ಪಕ್ಕಕ್ ಹಾರ್ದ, ಎಡಗಾಲು ಬರ್ಲಿಲ್ಲ. ಟೈಮು 11 ಗಂಟೆ 37. ಒಳ್ಗಿದ್ ಮೀನಾಗೆ ಏನೂ ಆಗ್ಲಿಲ್ಲ.

ಗೋಡೆ ತುಂಡು ಕಾಲ್ ಮ್ಯಾಲಿತ್ತು. ಚೀಲದಿಂದ ಗಡಾರಿ ತೆಗ್ದು ಸಂದಿಗ್ ಹಾಕಿ ಮೀಟ್ದೆ. ಮೀನಾ ಆಚ್ಗೆ ಓಡ್ ಬಂದಾಗ ನೋಡಿದ್ದು ಅದ್ನೇ, ಬಿದ್ ಗೋಡೆ, ಕೈಲಿ ಗಡಾರಿ. ಆಯಮ್ಮನ್ದೇನೂ ತಪ್ಪಿಲ್ಲ. ಬೀದಿಯೋರು ಏಳೆಂಟ್ ಜನ ಬಂದು ಎತ್ತುದ್ರು. 11 ಗಂಟೆ 50ಕ್ಕೆ ಆಟೋದಲ್ಲಿ ಆಸ್ಪತ್ರೆಗ್ ಓದ್ವಿ, ಅಲ್ಲಿಂದ ಮೈಸೂರ್ಗೆ ಕಳುಸುದ್ರು. ದಾರೀಲಿ ನನ್ ತೊಡೆ ಮ್ಯಾಲೆ ತಲೆ ಇತ್ತು. ಬೆಲ್ಟ್ ಯಾಕ್ ಬುಡ್ತು ರಂಗ, ಬೆಲ್ಟ್ ಯಾಕ್ ಬುಡ್ತು ಅಂತ ಅದ್ನೇ ಅನ್ತಾ ಇದ್ದ. ಕಾಲ್ ಉಳೀತದಾ ತೆಗೀಬೇಕಾ ಅನ್ನದು ಶುಕ್ರವಾರ ಏಳ್ತೀವಿ ಅಂತ ಡಾಕ್ಟ್ರು ಅಂದವ್ರೆ.

ನೆನ್ನೆ 14ನೇ ತಾರೀಕು ಮಧ್ಯಾಹ್ನ 12 ಗಂಟೆಗೆ ಮೈಸೂರ್ ಆಸ್ಪತ್ರೆ ವರಾಂಡದಲ್ಲಿ ಮೇಸ್ತ್ರಿ ನನ್ ಹೆಗಲ್ ಮ್ಯಾಲೆ ಕೈ ಹಾಕುದ್ರು. ಅವ್ನೇ ಒಪ್ಕಂಡವ್ನೆ, ಲೆಕ್ಕ ತಪ್ಪಿದ್ದು ನಂದೇ, ಇನ್ಮ್ಯಾಲೆ ಕರಣೆ ಮುಟ್ಟಲ್ಲ ಅಂದ ಅಂದ್ರು. ನೀನೇ ಸರಿ ಕಣ್ಲಾ ರಂಗ, ಈ ಬೆಲ್ಟು ಗಿಲ್ಟು ಎಲ್ಲಾ ಬ್ಯಾಡ, ಅದೇ ಬೀದೀಲಿ ಇನ್ನೂ ಎಲ್ಡ್ ಶೆಡ್ ಬಂದದೆ, ನಮ್ ಹಳೇ ಥರ ನೀನೇ ನಿಂತ್ಕಂಡ್ ಕಟ್ಟು, ನನ್ ಬಲ್ಗೈ ನೀನು ಅಂದ್ರು. ಈ ಮಾತ್ಗೆ ಮೇ ತಿಂಗ್ಳಿಂದ ಕಾಯ್ತಿದ್ದೆ. ಕೈ ಕೊಡುವ್ಕಂಡ್ ಕೆಳಕ್ ಇಳ್ದು ಬಂದ್ಬುಟ್ಟೆ.

ಅದ್ಕೇ ಏಳ್ತಾ ಇವ್ನಿ. ಬೆಲ್ಟ್ ಬುಡ್ಲಿಲ್ಲ. ಬೆಲ್ಟ್ ಅಲ್ಲಿ ಇರ್ಲೇ ಇಲ್ಲ. ಬಿದ್ ಗೋಡೆ ಎತ್ತುಸಿ, ನಿಂತಿರೋ ಕಡೆ ಪ್ಲಾಸ್ಟರ್ ಕೆರುಸಿ ನೋಡಿ, ನಾಕ್ ಕಂಬಿ ತುದೀಲೂ ಬ್ಲೇಡ್ ಕುಯ್ದಿರೋ ಗುರ್ತು ಅದೆ. ಆ ಎಲ್ಡ್ ಶೆಡ್ಗೂ ಬೆಲ್ಟ್ ಹಾಕ್ಬೇಕು, ಪೂರ್ತಿ ಸುತ್ತ. ಇಲ್ದಿದ್ರೆ ಅವೂ ಬೀಳ್ತವೆ.

ಈಗ ಹೊರಗಿಂದ ಒಳಕ್ ಬಂದು ಕಿವಿ ಕೊಟ್ಕಂಡ್ ನಿಂತಿರೋರು ಗುರುಸ್ವಾಮಿ ಮೇಸ್ತ್ರಿ. ಇದ್ನೆಲ್ಲ ಬರ್ಸ್ಬ್ಯಾಡ್ಲಾ, ಅವ್ನು ಒಪ್ಕಂಡಾಗದೆ, ನೀನ್ಯಾಕ್ ಮೈಮ್ಯಾಲ್ ಎಳ್ಕತೀಯ ಅಂತಾವ್ರೆ. ಅವ್ರು ಅಂದಿದ್ದೂ ಬರ್ಕಳಿ. ನಾನ್ ಅಂದಿದ್ದೂ ಬರ್ಕಳಿ. ಬೆಲ್ಟ್ ಕೆಲ್ಸ ಅವ್ನಿಗ್ ಕೊಟ್ರಿ. ಶಲ್ಯ ಅವ್ನಿಗ್ ಕೊಟ್ರಿ. ನಾನ್ ಮಾಡಿದ್ ತಪ್ಪೂ ಅವ್ನಿಗೇ ಕೊಟ್ಬುಡ್ತೀರಾ ಮೇಸ್ತ್ರಿ? ಅದ್ ನಂದು. ಕಂಬಿ ಕಡ್ದೋನು ರಂಗನಾಥ. ಹೂಂ ಅಂದೋನು ರಂಗನಾಥ. ಹೆಸ್ರು ಸರ್ಯಾಗ್ ಬರೀರಿ ಸಾ.

ಮ್ಯಾಲೆ ಬರ್ಸಿರದೆಲ್ಲ ನಡ್ದಂಗೇ ಏಳಿವ್ನಿ. ಓದುಸ್ಕಂಡ್ ಕೇಳಿವ್ನಿ. ಒಂದ್ ಮಾತೂ ತೆಗೀಬಾರ್ದು, ಒಂದ್ ಮಾತೂ ಸೇರಿಸ್ಬಾರ್ದು.

ಸ್ಥಳ: ಕೊಳ್ಳೇಗಾಲ
ದಿನಾಂಕ: 15-10-2025, ಮಧ್ಯಾಹ್ನ 12-05
ಸಹಿ: ರಂಗನಾಥ ಎನ್.

ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್ ಷರಾ: ಹೇಳಿಕೆದಾರನು ಹೇಳಿದ ಮಾತಿನಲ್ಲಿಯೇ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಲಾಗಿದೆ. ಕರೆದಾಗ ಹಾಜರಾಗಬೇಕೆಂದು ನೋಟೀಸು ಕೊಡಲಾಗಿದೆ. ಗುರುಸ್ವಾಮಿ ಎಂಬುವವರು ಹೇಳಿಕೆದಾರನ ಕೈ ಹಿಡಿದು ನಿಲ್ಲಿಸಲು ಪ್ರಯತ್ನಿಸಿದ್ದು, ಹೇಳಿಕೆದಾರನು ಕೈ ಬಿಡಿಸಿಕೊಂಡು, ಮೈಸೂರಿಗೆ ಹೋಗಿ ಮಣಿಕಂಠನಿಗೆ ತಾನೇ ತಿಳಿಸುವುದಾಗಿ ಹೇಳಿ, ಠಾಣೆಯ ಬಾಗಿಲನ್ನು ಜೋರಾಗಿ ಬಡಿದು ಹೊರಗೆ ಹೋಗಿರುತ್ತಾನೆ.